ಕಬ್ಬಿಣ ಕೂಡಿಸಿದ ಊರು

ಯುರೋಪಿನ ಐಕ್ಯಕ್ಕೆ ಮೊದಲ ಬೆಸುಗೆ ಬಿದ್ದದ್ದು ಕಲ್ಲಿದ್ದಲು, ಉಕ್ಕುಗಳಿಂದ; 1951ರಲ್ಲಿ ಆರು ರಾಷ್ಟ್ರಗಳು ಅವಕ್ಕಾಗಿ ಒಪ್ಪಂದ ಮಾಡಿಕೊಂಡವು. ಇಂದು ಆ ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳು.

ನಮ್ಮ ಭದ್ರಾವತಿಯನ್ನು ಕೂಡಿಸಿದ್ದೂ ಕಬ್ಬಿಣವೇ. ಮೈಸೂರು ಸಂಸ್ಥಾನ ಇಲ್ಲಿ ಕಾರ್ಖಾನೆ ತೆರೆದಾಗ ತಮಿಳು, ತೆಲುಗು, ಉರ್ದು ಮಾತಿನ ಸಂಸಾರಗಳು ಬಂದು ನೆಲೆಸಿದವು. ಹೊಸಮನೆಯ ತರುಣರಿಗೆ ಮನೆಯ ನುಡಿ ಒಂದು, ಬೀದಿಯದು ಇನ್ನೊಂದು. ಅದಕ್ಕೆ ಐಕ್ಯವೆಂದು ಹೆಸರಿಡುವ ಚಟ ನಮ್ಮಂಥ ಅಧ್ಯಾಪಕರದು. “ಕನ್ನಡ ಯಾರೂ ಹೇರಲಿಲ್ಲ ಸಾರ್, ಆಟಕ್ಕೆ ಬೇಕಾಯಿತು, ಬಂತು, ಮನೆಯಲ್ಲಿ ತಮಿಳೂ ಉಳಿಯಿತು” ಎಂದನೊಬ್ಬ.

2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಕೂಡಿಸಿದ ಕಬ್ಬಿಣವೇ ಹೋದರೆ ಈ ನೆರೆಹೊರೆ ಉಳಿದೀತೇ ಎಂದು ಕೇಳಿದೆ. ಪಕ್ಕದಲ್ಲಿದ್ದ ಹುಡುಗಿ ತಡೆದು ನುಡಿದಳು: “ಕೆಲಸಕ್ಕಾಗಿ ಎಲ್ಲರೂ ಬೆಂಗಳೂರಿಗೆ ಹೊರಟರೆ, ನೆರೆಹೊರೆ ಎಲ್ಲಿಂದ ಬರಬೇಕು ಸಾರ್?”