ಖಾಲಿ ಬಿಟ್ಟ ಒಂದು ಕಾಲಂ
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)

ಬಾರಾನಗರದ ಕನ್ನಡ ಬಂಧುಗಳೇ,

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದವನು, ವೈದ್ಯನಲ್ಲ. ಆದರೂ ಈ ಊರಿನಲ್ಲಿ ಅಂಕಿಅಂಶ ಹೇಳಲು ಸ್ವಲ್ಪ ಭಯವೇ. ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಇರುವುದು ನಮ್ಮ ಬಿ.ಟಿ. ರಸ್ತೆಯಲ್ಲೇ. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಸುಮಾರು ನಾಲ್ಕು ದಶಕ ಅಲ್ಲಿದ್ದರು. 102 ವರ್ಷ ಬಾಳಿದರು.

ಮದುವೆಗೂ ಆಯುಸ್ಸಿಗೂ ನಂಟಿದೆಯೇ? 1858ರಲ್ಲೇ ಇಂಗ್ಲೆಂಡಿನ ವಿಲಿಯಂ ಫಾರ್ ಫ್ರಾನ್ಸಿನ ಮರಣದ ಲೆಕ್ಕ ನೋಡಿ, ಒಂಟಿಯಾಗಿರುವವರಿಗಿಂತ ವಿವಾಹಿತರು ಒಟ್ಟಾರೆ ಹೆಚ್ಚು ಬಾಳುತ್ತಾರೆ ಎಂದರು. 1963ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 55 ದಾಟಿದ 4,486 ವಿಧುರರನ್ನು ಗಮನಿಸಿತು. ಹೆಂಡತಿ ತೀರಿಹೋದ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಸುಮಾರು ಶೇ. 40ರಷ್ಟು ಹೆಚ್ಚಿತ್ತು. ವಿಚ್ಛೇದಿತರಲ್ಲೂ ಇಂಥದೇ ಅಂತರ ಅನೇಕ ದೇಶಗಳಲ್ಲಿ ಕಂಡಿದೆ.

ಹಾಗೆಂದು ತಾಳಿಯೇ ಔಷಧವಲ್ಲ. ಆರೋಗ್ಯ, ವರಮಾನ ಇದ್ದವರಿಗೆ ಮದುವೆಯೂ ಸುಲಭ; ಅದೂ ಈ ಲೆಕ್ಕದೊಳಗೆ ಸೇರಿದೆ. ಬೈಗುಳ, ಹೊಡೆತದ ಮನೆಯಿಂದ ಹೊರಬಂದು ಜೀವ ಉಳಿಸಿಕೊಂಡವರೂ ಇದ್ದಾರೆ.

ನನ್ನ ಮನೆಯವರು ಹೋಗಿ ಮೂರು ವರ್ಷವಾಯಿತು. ಅವರಿದ್ದಾಗ ಬಿ.ಪಿ. ಮಾತ್ರೆ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಆಮೇಲೆ ಅವಲಕ್ಕಿ ತಿಂದು ಮಲಗಿದ ರಾತ್ರಿಗಳೆಷ್ಟೋ, ಮಾತ್ರೆ ಮರೆತ ದಿನಗಳೆಷ್ಟೋ. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿರುವುದನ್ನು ಕಂಡು ಪಕ್ಕದ ಮನೆಯ ಬಂಗಾಳಿ ಅಕ್ಕ "ದಾದಾ, ದಾದಾ" ಎಂದು ಬಾಗಿಲು ಬಡಿದರು. ತಲೆಸುತ್ತಿ ಬಿದ್ದಿದ್ದ ನಾನು ಬದುಕಿದ್ದು ಹಾಗೆ. ಮದುವೆ ಕೊಡುವ ಆಯುಸ್ಸಿನ ಬಹುಪಾಲು ಇದೇ ಇರಬೇಕು: ನಾವು ಏಳದಿದ್ದರೆ ಗಮನಿಸುವ ಒಂದು ಜೀವ.

ಈಗ ಒಂದು ತಪ್ಪೊಪ್ಪಿಗೆ. ಹೋದ ವರ್ಷ ನಮ್ಮ ನಿಧಿಗೆ ಬಂದ ಒಂದು ಅರ್ಜಿಯಲ್ಲಿ 'ಪತಿಯ ಹೆಸರು' ಕಾಲಂ ಖಾಲಿಯಿತ್ತು. ಬ್ಯಾಂಕಿನ ಅಭ್ಯಾಸ ನೋಡಿ, "ಪೂರ್ತಿ ತುಂಬಿ ಕಳಿಸಿ" ಎಂದು ಬರೆದು ನಾನೇ ವಾಪಸು ಕಳಿಸಿದೆ. ಆ ತಂಗಿ ವಿಚ್ಛೇದಿತೆ. ನಾಚಿಕೆಯಿಂದ ಎರಡು ತಿಂಗಳು ಮತ್ತೆ ಬರಲಿಲ್ಲ, ಸಕ್ಕರೆ ಕಾಯಿಲೆಯ ಔಷಧಿಯನ್ನೂ ನಿಲ್ಲಿಸಿದ್ದರು. ಕಾಲಿನ ಹುಣ್ಣು ಬೆಳೆದ ಮೇಲೆ ನಮಗೆ ಗೊತ್ತಾಯಿತು. ಈಗ ಚೇತರಿಸಿಕೊಂಡಿದ್ದಾರೆ, ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಆದ್ದರಿಂದ ಎರಡು ಬೇಡಿಕೆ. ಆ ಕಾಲಂ ತೆಗೆದು, 'ತುರ್ತಿಗೆ ಯಾರಿಗೆ ಫೋನ್ ಮಾಡಬೇಕು?' ಎಂದು ಕೇಳೋಣ. ಅಲ್ಲಿ ಬರೆಯಲು ಹೆಸರಿಲ್ಲದವರಿಗೆ ನಮ್ಮಲ್ಲೇ ಒಬ್ಬರು ಹೆಸರು ಕೊಡೋಣ, ವಾರಕ್ಕೆರಡು ಸಲ ವಿಚಾರಿಸೋಣ. ಔಷಧಿಯ ಖರ್ಚಿಗೆ ಕೈಲಾದಷ್ಟು ಹಣವನ್ನು ಖಜಾಂಚಿಯವರಿಗೆ ತಲುಪಿಸಿ, ರಸೀದಿ ಪಡೆಯಿರಿ. ಮೊದಲ ಕಂತು ನನ್ನದು. ಮೊದಲ ಫೋನ್ ನಂಬರೂ ನನ್ನದೇ ಇರಲಿ.