ಜಾಗತೀಕರಣ ಮತ್ತು ವಿಶ್ವಶಾಂತಿ: ಪರವೂರಿನಿಂದ ಬಂದವರ ಹಕ್ಕು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಜಾಗತೀಕರಣ ಎಂಬ ಪದ ಪಠ್ಯಪುಸ್ತಕಕ್ಕೆ ಬರುವ ಮೊದಲೇ ಅದು ನಮ್ಮ ಮನೆಗಳಿಗೆ ಬಂದಿತ್ತು. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುದು ಕೊಲ್ಲಿ ದೇಶಗಳಿಂದ ಬರುತ್ತಿದ್ದ ಹಣದಿಂದ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ನಾವು ಶಿಕ್ಷಕ ವೃತ್ತಿಗೆ ಸೇರಿ ಆಗ ಕೆಲವೇ ವರ್ಷಗಳಾಗಿದ್ದವು. ತಂದೆ ಕುವೈತಿನಲ್ಲಿದ್ದ ಮಕ್ಕಳು ನಮ್ಮ ತರಗತಿಯಲ್ಲೂ ಇದ್ದರು. ಪತ್ರವಿಲ್ಲ, ಫೋನಿಲ್ಲ. ಹಾಜರಿ ಕರೆಯುವಾಗ ಅವರ ಮುಖ ನೋಡಲು ನಮಗೆ ಧೈರ್ಯವಾಗುತ್ತಿರಲಿಲ್ಲ.

ದೇಶ ದೇಶಗಳ ನಡುವೆ ವ್ಯಾಪಾರ ಬೆಳೆದ ಮೇಲೆ ಯುದ್ಧದಿಂದ ಗೆದ್ದವರಿಗೂ ಲಾಭವಿಲ್ಲ ಎಂದು ಬ್ರಿಟನ್ನಿನ ನಾರ್ಮನ್ ಏಂಜೆಲ್ 1910ರಲ್ಲಿ 'ದಿ ಗ್ರೇಟ್ ಇಲ್ಯೂಷನ್' ಗ್ರಂಥದಲ್ಲಿ ವಾದಿಸಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಆದರೂ 1914ರಲ್ಲಿ ಮೊದಲ ಮಹಾಯುದ್ಧ ಬಂದೇ ಬಂತು. ಇರಾಕ್ ಮತ್ತು ಕುವೈತ್ ನಡುವೆಯೂ ಸಾಲದ ನಂಟಿತ್ತು; ಜಗಳ ಬೆಳೆದದ್ದೂ ಆ ಸಾಲ ಮತ್ತು ತೈಲದ ಸುತ್ತಲೇ. ಹಣದ ನಂಟೊಂದೇ ಶಾಂತಿ ತರಲಾರದು.

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಒಂದು ಪುಟ್ಟ ಗ್ರಂಥ ಬರೆದರು. ಅವರ ವಿಚಾರ ಸರಳ. ಭೂಮಿ ದುಂಡಗಿದೆ, ಮನುಷ್ಯರು ಒಬ್ಬರನ್ನೊಬ್ಬರು ಬಿಟ್ಟು ಕೊನೆಯಿಲ್ಲದಷ್ಟು ದೂರ ಹೋಗಲಾರರು. ಆದ್ದರಿಂದ ಪರನಾಡಿನಿಂದ ಬಂದವನು ಶಾಂತಿಯಿಂದ ಇರುವವರೆಗೆ ಅವನನ್ನು ವೈರಿಯಂತೆ ಕಾಣಬಾರದು. ಇದನ್ನು ಅವರು ದಯೆ ಎನ್ನಲಿಲ್ಲ, ಬಂದವನ ಹಕ್ಕು ಎಂದರು.

ಆ ಹಕ್ಕಿನ ಬೆಲೆ ನಮಗೆ 1990ರಲ್ಲಿ ತಿಳಿಯಿತು. ಮರುಭೂಮಿ ದಾಟಿ ಬಂದ ಲಕ್ಷಾಂತರ ಪರದೇಶಿಯರಿಗೆ ಜೋರ್ಡಾನ್ ಎಂಬ ಚಿಕ್ಕ ದೇಶ ಆಸರೆ ಕೊಟ್ಟಿತು. ಅದರ ರಾಜಧಾನಿ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ತಾಯ್ನಾಡಿಗೆ ಕರೆತಂದವು. ನಮ್ಮ ಮಕ್ಕಳ ತಂದೆಯರೂ ಒಬ್ಬೊಬ್ಬರಾಗಿ ಬಂದರು, ಕೈಯಲ್ಲಿ ಒಂದೇ ಒಂದು ಚೀಲ. ಜೀವ ಉಳಿದಿತ್ತು, ಉಳಿತಾಯ ಹೋಗಿತ್ತು. ಮುಂದಿನ ವರ್ಷ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳಿರಲಿಲ್ಲ. ಫೀಸು ಕಟ್ಟುವವರು ಸಿಕ್ಕಿದ್ದರೆ ಅವರೂ ಓದುತ್ತಿದ್ದರು. ದಾನಿಗಳೇ, ನೀವು ಕೊಡುವ ವಿದ್ಯಾರ್ಥಿವೇತನದ ತೂಕ ನಮಗೆ ಗೊತ್ತಿರುವುದು ಹೀಗೆ.

ಮಕ್ಕಳೇ, ನಾಳೆ ನೀವು ಬೆಂಗಳೂರಿಗೋ ದುಬೈಗೋ ಹೋಗುತ್ತೀರಿ. ಅಲ್ಲಿ ಯಾರಾದರೂ ನಿಮ್ಮನ್ನು 'ಊಟ ಆಯ್ತಾ?' ಎಂದು ಕೇಳಲಿ ಎಂಬುದು ನಿಮ್ಮ ತಾಯಿಯ ಆಸೆ. ಇಂದು ನಮ್ಮೂರಿಗೆ ಕೂಲಿಗೆ ಬಂದಿರುವ ಬಿಹಾರದ ಹುಡುಗನ ತಾಯಿಯ ಆಸೆಯೂ ಅದೇ. ಆ ಪ್ರಶ್ನೆಯನ್ನು ಅವನಿಗೆ ನಾವು ಕೇಳೋಣ. ವಿಶ್ವಶಾಂತಿಗೆ ನಮ್ಮ ಕೈಲಾದ ಕೆಲಸ ಅಲ್ಲಿಂದ ಶುರುವಾಗಲಿ.