ಮಡ್ಡಿಯ ನರಿ



ನರಿಯ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಉರಿಗೆಂಪು ಮೈ, ದಟ್ಟ ಬಾಲ, ಬಾಲದ ತುದಿಗೆ ಬಿಳಿ ಕುಚ್ಚು ಬರೆಯುತ್ತೀರಿ. ಅದು ದ್ರಾಕ್ಷಿ ಹುಳಿಯೆಂದ ಈಸೋಪನ ನರಿ. ವಿಜ್ಞಾನಿಗಳ 'ವಲ್ಪಿಸ್ ವಲ್ಪಿಸ್'. ನಮ್ಮ ದೇಶದಲ್ಲಿ ಅದನ್ನು ನೋಡಲು ಲಡಾಖ್, ಕಾಶ್ಮೀರಕ್ಕೋ ರಾಜಸ್ಥಾನ, ಕಚ್ಛದ ಮರುಭೂಮಿಗೋ ಹೋಗಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮಡ್ಡಿಗಳ ನರಿ ಬೇರೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ರಾತ್ರಿ ಗುಂಪಾಗಿ ಊಳಿಡುವುದು ಗುಳ್ಳೆನರಿ. ಪಂಚತಂತ್ರದ ಕರಟಕ, ದಮನಕರು ಈ ಜಾತಿಯವರು. ಅದರ ತೂಕ 8ರಿಂದ 11 ಕಿಲೋ, ಬಾಲ ಮೋಟು. ನಾನು ಹೇಳಹೊರಟಿರುವುದು 'ವಲ್ಪಿಸ್ ಬೆಂಗಾಲೆನ್ಸಿಸ್'. ತೂಕ ಎರಡು ಮೂರು ಕಿಲೋ, ಅಂದರೆ ದೊಡ್ಡ ಬೆಕ್ಕಿನಷ್ಟು. ಬೂದು ಮಿಶ್ರಿತ ಕಂದು ಮೈ, ಸಣಕಲು ಕಾಲು, ಮೈಯ ಅರ್ಧಕ್ಕಿಂತ ಉದ್ದದ ಬಾಲ. ಬಾಲದ ತುದಿ ಕಪ್ಪು. ಅದೊಂದನ್ನು ನೋಡಿದರೆ ಗುರುತು ಸಿಕ್ಕಿತು. ಬ್ರಿಟಿಷರ ಕಾಲದ ಪ್ರಾಣಿಶಾಸ್ತ್ರ ಗ್ರಂಥಗಳು ಇದರ ಕನ್ನಡ ಹೆಸರು 'ಕೆಂಪುನರಿ', 'ಚಂದಕನರಿ' ಎಂದು ದಾಖಲಿಸಿವೆ. ಭಾರತ ಉಪಖಂಡದ ಹೊರಗೆ ಈ ಪ್ರಾಣಿ ಎಲ್ಲಿಯೂ ಇಲ್ಲ. ಹೀಗಿದ್ದೂ ಹಿಮದಲ್ಲಿ ನೆಗೆಯುವ ಪರದೇಶದ ನರಿ ನಿಮಗೆ ಟೀವಿಯಲ್ಲಿ ನಿತ್ಯ ಕಾಣುತ್ತದೆ, ಇದು ಕಾಣುವುದಿಲ್ಲ!

ಏನು ತಿನ್ನುತ್ತದೆ? ಇಲಿ, ಓತಿಕ್ಯಾತ, ಮಿಡತೆ, ಜೀರುಂಡೆ, ಗೆದ್ದಲು, ಏಡಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ. ಬಾರಿಹಣ್ಣೆಂದರೆ ಪ್ರೀತಿ. ಕಡಲೆಯ ಕುಡಿ, ಕಾಯಿಯನ್ನೂ ಬಿಡದು. ಎರೆಹೊಲದ ರೈತ ಈ ಒಂದು ದೂರು ಹೇಳಿದರೆ ಒಪ್ಪಬಹುದು. ಆದರೆ ಜೋಳದ ಹೊಲದ ಇಲಿಗಳನ್ನು ಹಿಡಿಯುವುದೂ ಇದೇ. ಇನ್ನು ಕುರಿ ಹಿಡಿಯಿತು ಎಂಬ ಮಾತು! ಮೂರು ಕಿಲೋ ಪ್ರಾಣಿ ಮೂವತ್ತು ಕಿಲೋ ಕುರಿಯನ್ನು ಏನು ಮಾಡೀತು?

ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ. ಹೆಣ್ಣು ಸುಮಾರು 50 ದಿನ ಗರ್ಭ ಹೊತ್ತು, ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚಿನಲ್ಲಿ ಎರಡರಿಂದ ನಾಲ್ಕು ಮರಿ ಹಾಕುತ್ತದೆ. ಸಾಕುವ ಹೊಣೆ ತಂದೆಗೂ ಉಂಟು. ಬಿಲಕ್ಕೆ ಒಂದೇ ಬಾಯಿ ಇರುವುದಿಲ್ಲ. ಒಂದರಲ್ಲಿ ಹಗೆ ನುಗ್ಗಿದರೆ ಇನ್ನೊಂದರಿಂದ ಪಾರು. ಹೊಗೆ ಹಾಕುವವರು ಎಲ್ಲ ಬಾಯಿಗಳನ್ನೂ ಮುಚ್ಚಿಬಿಟ್ಟರೆ ಈ ಜಾಣತನ ಉಪಯೋಗಕ್ಕೆ ಬಾರದು.

ದಟ್ಟ ಕಾಡು ಇದಕ್ಕೆ ಒಗ್ಗದು. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದಂತೆ ಮಳೆ, ಮರ ಹೆಚ್ಚು; ಪೂರ್ವಕ್ಕೆ ರಾಮದುರ್ಗದತ್ತ ಬಂದಂತೆ ನೆಲ ಒಣಗಿ ಬಯಲಾಗುತ್ತದೆ. ಆ ಬಯಲು, ಆ ಕುರುಚಲು, ಆ ಗಾಯರಾಣವೇ ಇದರ ಮನೆ. ಪಹಣಿಯಲ್ಲಿ ಅಂಥ ಎಷ್ಟೋ ನೆಲಕ್ಕೆ 'ಖರಾಬು' ಎಂದು ಹೆಸರು! ಖರಾಬು ಎಂದ ಮೇಲೆ ಅದನ್ನು ಉಳುವುದಕ್ಕೂ ಗಿಡ ನೆಟ್ಟು ಕಾಡು ಮಾಡುವುದಕ್ಕೂ ಯಾರೂ ಹಿಂಜರಿಯುವುದಿಲ್ಲ. ಮರ ನೆಡುವುದೆಲ್ಲ ಪುಣ್ಯವೆಂದು ನಂಬಿರುವ ನಮಗೆ, ಹುಲ್ಲುಬಯಲಿನ ಪ್ರಾಣಿ ಮರದಿಂದಲೂ ಮನೆ ಕಳೆದುಕೊಂಡೀತು ಎಂಬುದು ಹೊಳೆಯುವುದಿಲ್ಲ. ಮಲಪ್ರಭೆಯ ಕಾಲುವೆ ನೀರು ಹರಿದು ಕಬ್ಬು ಎದ್ದಲ್ಲಿ ಗುಳ್ಳೆನರಿ ಅಡಗಿ ಬದುಕೀತು, ಇದು ಬದುಕದು.

ನಾಯಿಗಳದ್ದು ಮತ್ತೊಂದು ಕಾಟ. ನೆರೆಯ ಸೋಲಾಪುರದ ನಾನಜ್ ಹುಲ್ಲುಗಾವಲಿನಲ್ಲಿ ಅಬಿ ವನಕ್ ಮೊದಲಾದ ವಿಜ್ಞಾನಿಗಳು ಈ ನರಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವುಗಳ ಓಡಾಟ ತಿಳಿದರು. ಊರ ನಾಯಿಗಳಲ್ಲಿ ಹರಡುವ ಡಿಸ್ಟೆಂಪರ್ ರೋಗದ ಸೋಂಕು ನರಿಗಳಲ್ಲೂ ಕಂಡುಬಂದುದನ್ನು 2014ರಲ್ಲಿ ಪ್ರಕಟಿಸಿದರು. ಆದ್ದರಿಂದ ನಾಯಿಗಳಿಗೆ ಲಸಿಕೆ ಹಾಕಿಸುವುದು ನರಿಗೂ ಉಪಕಾರ.

ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ. 'ನರಿಕೊಂಬು' ಮಾರುವವರೂ ಇದ್ದಾರೆ. ನರಿಗೆ ಕೊಂಬಿಲ್ಲ. ಅದನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಮುಖ ನೋಡಲೇಬೇಕೇ? ಮಾರ್ಚ್, ಏಪ್ರಿಲ್ ಸಂಜೆ ಮಡ್ಡಿಗೆ ಹೋಗಿ. ಬಿಲದ ಹತ್ತಿರ ಜೀರುಂಡೆಯ ರೆಕ್ಕೆಚೂರು, ಬಾರಿಬೀಜ ಕೂಡಿದ ಹಿಕ್ಕೆ ಇದ್ದರೆ, ನೂರು ಹೆಜ್ಜೆ ದೂರ ಸರಿದು, ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ಕುಳಿತುಕೊಳ್ಳಿ. ಟಾರ್ಚ್ ಬೇಡ, ನಾಯಿಯಂತೂ ಬೇಡವೇ ಬೇಡ. ಹೊತ್ತು ಮುಳುಗಿದ ಮೇಲೆ ಮೊದಲು ಎರಡು ಕಿವಿ ಕಾಣುತ್ತವೆ.